ನಾಲ್ಕು ನಲವತ್ತು

ಐತವಾರದ ಸಂತೆಯಲ್ಲಿ ಬುಡಾನ್‌ಸಾಬರ ಗೋಣಿತಟ್ಟಿನ ಮೇಲೆ
ಹಿತ್ತಾಳೆ ನಲ್ಲಿ, ದೋಣಿಯ ಮೊಳೆ, ಒಂಟಿಕಾಲಿನ ಚಾಳೀಸು,
ಅವುಗಳ ನಡುವೆ ಅಂಗೈಯಗಲದ ಚರ್ಮದ ಪೆಟ್ಟಿಗೆ.
ನಶ್ಯದ ಡಬ್ಬಿಯಿರಬೇಕೆಂದು ಚಿಲಕ ತೆಗೆದೆ.
ಮುಚ್ಚಳ ಹಿಂದಕ್ಕೆ ಬಾಗಿ ತಾನೇ ಕಾಲಾಯಿತು,
ಒಳಗಿನಿಂದೊಂದು ಗಡಿಯಾರ ಎದ್ದು ಕೂತಿತು,
ಪ್ರಯಾಣದವರು ದಿಂಬಿನ ಬಳಿ ಇಟ್ಟುಕೊಳ್ಳುವಂಥದ್ದು.

"ಮುನ್ನೂರು."
"ನಡೆಯುವುದಿಲ್ಲವಲ್ಲ?"
"ನಡೆಯುತ್ತಿದ್ದರೆ ನನ್ನ ಹತ್ತಿರ ಯಾಕೆ ಬರ್ತಿತ್ತು, ಬಾಯೀ?"
ನೂರಾ ಎಂಬತ್ತಕ್ಕೆ, ಅರ್ಧ ಕಿಲೋ ತಾರ್ಲೆಯ ಜೊತೆ
ಒಂದೇ ಚೀಲದಲ್ಲಿ ಬಂತು.
ಎರಡಕ್ಕೂ ಮುಳ್ಳು.

ನಾನು ಹಲ್ಲು ಕಟ್ಟುವವಳು.
ಕೋಡಿಬಾಗದಲ್ಲಿ ಡಾಕ್ಟರ ಕೋಣೆಯ ಹಿಂದಿನ ಕೋಣೆ ನನ್ನದು.
ಮೇಣ, ಗಚ್ಚು, ಗುಲಾಬಿ ವಸಡು;
ಯಾರದೋ ನಗು ದಿನವಿಡೀ ಮೇಜಿನ ಮೇಲೆ ಒಣಗುತ್ತಿರುತ್ತದೆ.
ಅಲ್ಲೇ ಬೆನ್ನಿನ ತಗಡು ಬಿಚ್ಚಿದೆ.
ಕಡಲಗಾಳಿ ಒಳಗೆ ಹಸಿರು ಬೆಳೆಸಿತ್ತು.
ಸೀಮೆಎಣ್ಣೆಯಲ್ಲಿ ಎರಡು ರಾತ್ರಿ ನೆನೆಸಿ
ಹಲ್ಲುಜ್ಜುವ ಬ್ರಶ್ಶಿನಿಂದಲೇ ತಿಕ್ಕಿದೆ.
ಮೂರನೆಯ ಚಕ್ರಕ್ಕೆ ಒಂದು ಹಲ್ಲಿರಲಿಲ್ಲ.
ನಗು ಬಂತು. ಊರೆಲ್ಲ ಬಿಟ್ಟು
ನನ್ನನ್ನೇ ಹುಡುಕಿಕೊಂಡು ಬಂದೆಯಾ?

ಹಿತ್ತಾಳೆಯ ಚೂರು ಬೆಸೆದೆ, ಉದುರಿತು. ಬೆಸೆದೆ,
ಓರೆಯಾಯಿತು. ಮೂರನೆಯ ಸಂಜೆ ಕಚ್ಚಿ ನಿಂತಿತು.

ಅಲಾರಾಮಿನ ಮುಳ್ಳು ನಾಲ್ಕು ನಲವತ್ತರಲ್ಲಿ ತುಕ್ಕು ಹಿಡಿದಿತ್ತು.
ಪುಟ್ಟ ಸುತ್ತಿಗೆಗೂ ತಗಡಿಗೂ ನಡುವೆ
ಎರಡು ಸಲ ಮಡಿಸಿದ ಬಸ್ ಟಿಕೇಟು,
ಎಣ್ಣೆ ಕುಡಿದು ಬೀಡಿ ಎಲೆಯ ಬಣ್ಣಕ್ಕೆ ತಿರುಗಿದ್ದು.
ಕಸ, ಎಂದುಕೊಂಡು ಕಿತ್ತೆ.
ಎಸೆಯದೆ, ಯಾಕೋ, ದವಡೆಗಳ ಖಾನೆಯಲ್ಲಿ ಹಾಕಿದೆ.
ಮರುದಿನ ಬೆಳಗಿನ ಜಾವ ಅದು ಅರಚಿದ್ದಕ್ಕೆ
ಮಹಡಿಯ ಮನೆಯವರು ಬೆಂಕಿ ಬಿತ್ತೆಂದು ಇಳಿದು ಬಂದರು.

ಆಮೇಲೆ ಅದಕ್ಕೊಂದು ನೌಕರಿ ಕೊಟ್ಟೆ:
ಅಚ್ಚಿನ ಹಿಟ್ಟು ಬಾಯಲ್ಲಿ ಗಟ್ಟಿಯಾಗುವ ಮೂರು ನಿಮಿಷ ಕಾಯುವುದು.

ಪುರ್ಸೊ ಗುನಗಿ ಬಂದದ್ದು ಮಂಗಳವಾರ.
ಬಾಯಿ ತುಂಬ ಹಿಟ್ಟು, ಅಲ್ಲಾಡಬಾರದು ಎಂದಿದ್ದೆ.
ಅವರ ಕಣ್ಣು ಗಡಿಯಾರದ ಮೇಲೆ ಬಿತ್ತು, ಅಲ್ಲೇ ನಿಂತಿತು.
ಕೈ ಎತ್ತಿದರು. ನೋವೇ? ಅಲ್ಲ.
ಗಾಳಿಯಲ್ಲಿ ಎರಡು ಬೆರಳು ಏನನ್ನೋ ಮಡಿಸಿದವು,
ಮತ್ತೆ ಮಡಿಸಿದವು, ಸಂದಿಯಲ್ಲಿ ತುರುಕಿದವು.
ಇನ್ನೂ ಒಂದೂವರೆ ನಿಮಿಷ. ನನಗೆ ತಡೆಯಲಾಗಲಿಲ್ಲ,
ಖಾನೆಯಿಂದ ಟಿಕೇಟು ತಂದು ಹಿಡಿದೆ.
ಜೊಲ್ಲು ಸುರಿಸುತ್ತಲೇ ತಲೆಯಾಡಿಸಿದರು.
ಅಚ್ಚು ಕೆಟ್ಟಿತು.

"ಗೋಟೆಗಾಳಿಯ ವಸ್ತಿ ಬಸ್ಸು. ಹನ್ನೊಂದು ವರ್ಷ ನಾನು ಕಂಡಕ್ಟರು."
ಬೋಳು ವಸಡಿನಲ್ಲಿ ಸಕಾರಗಳೆಲ್ಲ ಸೋರುತ್ತಿದ್ದವು.
"ಹಿಂದಿನ ಉದ್ದ ಸೀಟು ಸಾಂತಾನ ಡ್ರೈವರನದು,
ನಡುವಿನ ಹಾದಿಯಲ್ಲಿ ನನ್ನ ಚಾಪೆ.
ಐದಕ್ಕೆ ಬಿಡಬೇಕು. ನಾನೆದ್ದು ಗಾಜೊರೆಸಿ, ನೀರು ಹಾಕಿ,
ಸ್ಟೋವಿನ ಮೇಲೆ ಚಾ ಕಾಸುವವರೆಗೆ
ಅವನು ಕಾಲು ಗಂಟೆ ಹೆಚ್ಚು ಮಲಗಲಿ.
ತಿರುವುಗಳಲ್ಲಿ ಚಕ್ರ ಹಿಡಿಯುವವನು ಅವನಲ್ಲವೇ?
ಟಿಕೇಟು ಸಿಕ್ಕಿಸಿದರೆ ಜೀರುಂಡೆಯಷ್ಟೇ ಸದ್ದು,
ನನ್ನ ಕಿವಿಗೆ ಸಾಕು."

"ಅವರಿಗೆ ಗೊತ್ತಿತ್ತೇ?"
"ಗೊತ್ತಿಲ್ಲದೆ? ಎಚ್ಚರವಾಗೇ ಬಿದ್ದಿರುತ್ತಿದ್ದ, ಕಳ್ಳ,
ಕಣ್ಣು ಮುಚ್ಚಿಕೊಂಡು, ಚಾ ಬರಲಿ ಅಂತ.
ಸಾಯುವ ವಾರ ಹೇಳಿದ."

ಗಡಿಯಾರವನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೂತರು.
ಕೊಡುತ್ತೇನೆ, ಒಯ್ಯಿರಿ ಎಂದೆ.
"ಹಲ್ಲು ಒಯ್ಯುವ ದಿನ ನೋಡೋಣ. ಎರಡನೆಯ ಅಚ್ಚಿಗೂ
ಕಾಯಲಿಕ್ಕೆ ಯಾರಾದರೂ ಬೇಕಲ್ಲ."

ಟಿಕೇಟಿನ ಮೇಲೆ ಅರವತ್ತು ಪೈಸೆ ಮಾತ್ರ ಓದಲು ಬರುತ್ತದೆ,
ಊರಿನ ಹೆಸರು ಎಣ್ಣೆಯಲ್ಲಿ ಕರಗಿದೆ.
ಹಳೆಯ ಮಡಿಕೆಗಳಲ್ಲೇ ಮಡಿಸಿ
ಸುತ್ತಿಗೆಯ ಹಿಂದೆ ಮರಳಿ ಸಿಕ್ಕಿಸಿದೆ.

ಈ ರಾತ್ರಿ ಮೇಜಿನ ಮೇಲೆ ಪುರ್ಸೊ ಗುನಗಿಯ ದವಡೆ ಒಣಗುತ್ತಿದೆ.
ಪಕ್ಕದಲ್ಲಿ ಗಡಿಯಾರ, ಕೀ ಕೊಟ್ಟಾಗಿದೆ.
ನಾಲ್ಕು ನಲವತ್ತಕ್ಕೆ ನಾನು ಅಲ್ಲಿರುವುದಿಲ್ಲ.
ದೀಪ ಆರಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ.